ನಡುವಿನ ಗುಂಡಿ

"ಗುರುಗಳೇ, ತಪ್ಪು ಮಾಡಿದವನಿಗೆ ಶಿಕ್ಷೆಯಾದರೆ ಅರ್ಥವಾಗುತ್ತದೆ. ಸರಿಯಾಗಿ ನಡೆದುಕೊಂಡವನಿಗೂ ಏಕೆ ನೋವು ಬರುತ್ತದೆ? ಅದು ಎಲ್ಲಿಂದ ಬರುತ್ತದೆ?"

ಶಿಷ್ಯ ಈ ಪ್ರಶ್ನೆಯನ್ನು ಕೇಳುತ್ತಿದ್ದುದು ಮೂರನೆಯ ಸಲ. ಮೊದಲ ಸಲ ಕೇಳಿದಾಗ ಗುರುಗಳು ಪೂರ್ವಕರ್ಮದ ಮಾತು ಹೇಳಿದ್ದರು. ಎರಡನೆಯ ಸಲ, ಹೋಗಿ ನೀರು ತಾ ಎಂದಿದ್ದರು. ಎರಡರಿಂದಲೂ ಅವನಿಗೆ ಸಮಾಧಾನವಾಗಿರಲಿಲ್ಲ. ಯಾರ ನೋವಿನ ಮಾತು ಎಂದು ಮಾತ್ರ ಅವನು ಒಮ್ಮೆಯೂ ಹೇಳಿರಲಿಲ್ಲ. ಈ ಸಲ ಅವರು ಅವನನ್ನು ಎದುರಿಗೆ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಕಡಲಾಚೆಯ ಒಂದು ದೇಶದಲ್ಲಿ ಒಬ್ಬ ಪ್ರಾಣಿಪಾಲಕನಿದ್ದ. ಮನುಷ್ಯ ಇನ್ನೂ ಬಾಹ್ಯಾಕಾಶಕ್ಕೆ ಹೋಗದಿದ್ದ ಕಾಲ ಅದು. ಭೂಮಿಯನ್ನು ಬಿಟ್ಟು ಮೇಲೆ ಹೋದರೆ ರಕ್ತ ಸರಿಯಾಗಿ ಹರಿಯುತ್ತದೆಯೇ, ಅನ್ನ ಗಂಟಲಲ್ಲಿ ಇಳಿಯುತ್ತದೆಯೇ, ಬುದ್ಧಿ ನೆಟ್ಟಗಿರುತ್ತದೆಯೇ ಎಂದು ಯಾರಿಗೂ ತಿಳಿದಿರಲಿಲ್ಲ. ಮನುಷ್ಯನನ್ನು ಕಳಿಸಿ ನೋಡಲು ಯಾರಿಗೂ ಧೈರ್ಯವಿರಲಿಲ್ಲ. ಆದ್ದರಿಂದ ಪ್ರಾಣಿಗಳನ್ನು ಕಳಿಸಿದರು. ಇಲಿ ಹೋಯಿತು, ನಾಯಿ ಹೋಯಿತು, ಸಣ್ಣ ಕೋತಿಗಳು ಹೋದವು. ಕೆಲವು ಹಿಂದಿರುಗಿದವು, ಕೆಲವು ಹಿಂದಿರುಗಲಿಲ್ಲ. ಕೊನೆಗೆ ಮನುಷ್ಯನಿಗೆ ತೀರ ಹತ್ತಿರದ ಪ್ರಾಣಿಯೇ ಬೇಕೆಂದು ಕಾಡಿನಿಂದ ಚಿಂಪಾಂಜಿಗಳನ್ನು ತರಿಸಿದರು. ಅವುಗಳನ್ನು ನೋಡಿಕೊಳ್ಳಲು ಈ ಪಾಲಕನನ್ನು ನೇಮಿಸಿದರು.

ಅವನು ಓದಿದವನಲ್ಲ. ಹಿಂದೆ ಒಬ್ಬ ದನದ ವೈದ್ಯನ ಕೈಕೆಳಗೆ ದುಡಿದಿದ್ದ. ಹೆದರಿದ ಪ್ರಾಣಿಯ ಹತ್ತಿರ ಹೇಗೆ ಹೋಗಬೇಕು, ಎಲ್ಲಿ ಮುಟ್ಟಬೇಕು, ಎಷ್ಟು ಹೊತ್ತು ಸುಮ್ಮನೆ ಕೂರಬೇಕು ಎಂಬುದು ಅವನಿಗೆ ಗೊತ್ತಿತ್ತು. ಅಷ್ಟನ್ನು ಬಲ್ಲವರು ಆ ದೊಡ್ಡ ಸಂಸ್ಥೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಚಿಂಪಾಂಜಿಗಳಿಗೆ ಹೆಸರಿಡಲು ಮೇಲಿನವರು ಬಿಟ್ಟಿರಲಿಲ್ಲ. ಹೆಸರಿಟ್ಟ ಮೇಲೆ ಕಳಿಸುವುದು ಕಷ್ಟವಾಗುತ್ತದೆ ಎಂದಿದ್ದರು. ಹಾಗಾಗಿ ಒಂದೊಂದಕ್ಕೂ ಒಂದೊಂದು ಸಂಖ್ಯೆ ಇತ್ತು. ಅವುಗಳಲ್ಲಿ ಒಂದು ಹೆಣ್ಣಿತ್ತು. ಬಂದ ಮೊದಲ ವಾರ ಅದು ಗೋಡೆಯ ಕಡೆ ಮುಖ ಮಾಡಿ ಕೂತಿತ್ತು, ಏನನ್ನೂ ತಿನ್ನಲಿಲ್ಲ. ಪಾಲಕ ಅದರ ಪಕ್ಕದಲ್ಲಿ ತಾನೂ ಗೋಡೆಯ ಕಡೆ ಮುಖ ಮಾಡಿ ಕೂತ. ಆರು ದಿನ ಹಾಗೆಯೇ ಕೂತ. ಏಳನೆಯ ದಿನ ಅದು ಅವನ ಮಣಿಕಟ್ಟನ್ನು ಹಿಡಿದು, ಅಲ್ಲಿನ ಕೂದಲನ್ನು ಒಂದೊಂದಾಗಿ ಬಿಡಿಸಿ ನೋಡತೊಡಗಿತು. ಅಂದಿನಿಂದ ಅವನು ಅದನ್ನು ಮರಿ ಎಂದು ಕರೆದ. ಯಾರೂ ಇಲ್ಲದಾಗ ಮಾತ್ರ ಕರೆಯುತ್ತಿದ್ದ.

ಎಲ್ಲಿ ಗಾಯವಾದರೂ ಮರಿ ಅದನ್ನು ಅವನ ಹತ್ತಿರ ತರುತ್ತಿತ್ತು. ಬೆರಳು ಬಾಗಿಲಿಗೆ ಸಿಕ್ಕಿದರೆ ಬೆರಳು ಚಾಚುತ್ತಿತ್ತು. ಹಲ್ಲು ನೋವಾದರೆ ಬಾಯಿ ತೆರೆದು ನಿಲ್ಲುತ್ತಿತ್ತು. ಒಮ್ಮೆ ಅವನ ಹೆಬ್ಬೆರಳಿಗೆ ಸಿಬಿರು ಚುಚ್ಚಿಕೊಂಡಿತ್ತು. ಅವನು ಅದನ್ನು ಲಕ್ಷ್ಯಕ್ಕೆ ತಂದುಕೊಂಡಿರಲಿಲ್ಲ. ಮರಿ ಅದನ್ನು ಕಂಡುಹಿಡಿದು ತುಟಿಯಿಂದ ಮೆಲ್ಲಗೆ ಎಳೆದು ತೆಗೆಯಿತು. ತೆಗೆದ ಮೇಲೆ ಬಹಳ ಹೊತ್ತು ಆ ಸಿಬಿರನ್ನೇ ನೋಡುತ್ತ ಕೂತಿತ್ತು.

ಆಮೇಲೆ ಪಾಠ ಶುರುವಾಯಿತು. ಒಂದು ಹಲಗೆ. ಅದರ ಮೇಲೆ ಮೂರು ಚಿತ್ರಗಳು ಬೆಳಗುತ್ತವೆ. ಎರಡು ಒಂದೇ ತರಹ, ಒಂದು ಬೇರೆ. ಒಂದೊಂದು ಚಿತ್ರದ ಕೆಳಗೆ ಒಂದೊಂದು ಗುಂಡಿ. ಬೇರೆಯಾಗಿರುವ ಚಿತ್ರದ ಕೆಳಗಿನ ಗುಂಡಿಯನ್ನು ಒತ್ತಬೇಕು. ಒತ್ತಿದರೆ ಏನೂ ಆಗುವುದಿಲ್ಲ, ದೀಪ ಆರುತ್ತದೆ. ತಪ್ಪು ಗುಂಡಿ ಒತ್ತಿದರೆ ಎಡಗಾಲಿಗೆ ಕಟ್ಟಿದ ತಗಡಿನಿಂದ ವಿದ್ಯುತ್ತಿನ ಏಟು ಬೀಳುತ್ತದೆ. ಮೇಲೆ ಹೋದಾಗಲೂ ಇದೇ ಆಟವನ್ನು ಆಡಿಸಿದರೆ ಬುದ್ಧಿ ನೆಟ್ಟಗಿದೆಯೋ ಇಲ್ಲವೋ ತಿಳಿಯುತ್ತದೆ ಎಂಬುದು ವಿದ್ವಾಂಸರ ಯೋಚನೆ.

ಪಾಲಕ ಮೊದಲು ಆ ತಗಡನ್ನು ತನ್ನ ಕಾಲಿಗೆ ಕಟ್ಟಿಕೊಂಡು ನೋಡಿದ. ಕೆಂಪಿರುವೆಗಳ ಸಾಲೊಂದು ಒಟ್ಟಿಗೇ ಕಚ್ಚಿದ ಹಾಗಾಯಿತು. ತಡೆಯಬಹುದಾದ ನೋವು. ಆದರೆ ಗೊತ್ತಿದ್ದೂ ಎರಡನೆಯ ಸಲ ಕಾಲು ಚಾಚುವ ನೋವಲ್ಲ. ಅವನು ಮನಸ್ಸಿಗೆ ಹೀಗೆ ಹೇಳಿಕೊಂಡ: ಇದರಲ್ಲಿ ಮೋಸವಿಲ್ಲ, ಸರಿಯಾದದ್ದನ್ನು ಕಲಿತರೆ ಇದಕ್ಕೆ ನೋವೇ ಇಲ್ಲ.

ಮರಿಗೂ ಹಾಗೆಯೇ ಹೇಳುತ್ತಿದ್ದ. ಏಟು ಬಿದ್ದಾಗಲೆಲ್ಲ ಅದು ಹಲಗೆಯನ್ನು ಬಿಟ್ಟು ಅವನ ಮುಖ ನೋಡುತ್ತಿತ್ತು. ಅವನು ಅದರ ಕೈ ಹಿಡಿದು ಸರಿಯಾದ ಗುಂಡಿಯ ಮೇಲೆ ಇಟ್ಟು, ಇಲ್ಲಿ ಒತ್ತಿದರೆ ನೋವಿಲ್ಲ ಎನ್ನುತ್ತಿದ್ದ. ದಿನಕ್ಕೆ ನೂರು ಸಲ, ಒಂದೂವರೆ ವರ್ಷ. ಅದಕ್ಕೆ ಮಾತು ತಿಳಿಯುತ್ತಿತ್ತೋ ಇಲ್ಲವೋ, ಅವನ ದನಿ ತಿಳಿಯುತ್ತಿತ್ತು. ಆ ದನಿ ಒಮ್ಮೆಯೂ ಸುಳ್ಳಾಗಲಿಲ್ಲ. ಕೊನೆಕೊನೆಗೆ ಮರಿ ತಪ್ಪುವುದನ್ನೇ ಬಿಟ್ಟಿತು. ಹತ್ತಾರು ಚಿಂಪಾಂಜಿಗಳಲ್ಲಿ ಅದನ್ನೇ ಆರಿಸಿದರು.

ನೌಕೆ ಹೊರಡುವುದಕ್ಕೆ ಮೂರು ದಿನ ಮುಂಚೆ, ಮಧ್ಯಾಹ್ನ, ಕೊನೆಯ ಅಭ್ಯಾಸ ನಡೆಯಿತು. ಮರಿಯನ್ನು ನೌಕೆಯೊಳಗಿನ ಆಸನದಲ್ಲೇ ಕೂರಿಸಿ ಪಟ್ಟಿಗಳನ್ನು ಬಿಗಿದರು. ದೀಪ ಬೆಳಗಿತು. ಬೇರೆಯಾದ ಚಿತ್ರ ನಡುವಿನದು. ಮರಿ ನಡುವಿನ ಗುಂಡಿಯನ್ನು ಒತ್ತಿತು. ಅದರ ಎಡಗಾಲು ಅದಿರಿತು.

ಒಂದೇ ಸಲ. ಆಮೇಲೆ ಅದೇ ಗುಂಡಿಯನ್ನು ಹನ್ನೊಂದು ಸಲ ಒತ್ತಿತು, ಏನೂ ಆಗಲಿಲ್ಲ. ತಂತಿಗಳ ಹೊಣೆ ಹೊತ್ತವನು ಆ ಹೊತ್ತಿಗೆ ಕಾಗದದಲ್ಲಿ ಏನೋ ಬರೆಯುತ್ತಿದ್ದ. ಉಳಿದವರು ದೀಪಗಳನ್ನು ನೋಡುತ್ತಿದ್ದರು. ಕಾಲನ್ನು ನೋಡಿದವನು ಪಾಲಕ ಒಬ್ಬನೇ. ಪಟ್ಟಿ ಬಿಗಿಯಾಗಿ ಕಾಲು ಜೋಮು ಹಿಡಿದಿರಬಹುದು ಎಂದುಕೊಂಡ. ಆದರೆ ಏಟು ಬಿದ್ದಾಗ ಮಾತ್ರ ನೋಡುವ ಹಾಗೆ ಮರಿ ಒಮ್ಮೆ ತಲೆಯೆತ್ತಿ ಅವನ ಮುಖ ನೋಡಿತ್ತು. ಅದನ್ನು ಜೋಮು ಎನ್ನಲಾಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಅಂದು ಸಂಜೆ ಎಲ್ಲರನ್ನೂ ಸಭೆಗೆ ಕರೆದರು. ಪ್ರಯಾಣ ಆಗಲೇ ಎರಡು ಸಲ ಮುಂದಕ್ಕೆ ಹೋಗಿತ್ತು. ಪಾಲಕ ಕಂಡದ್ದನ್ನು ಹೇಳಿ, ಆಸನವನ್ನು ಬಿಚ್ಚಿ ತಂತಿ ನೋಡುವುದಾದರೆ ಹೊರಡುವುದು ಇನ್ನೂ ಎರಡು ದಿನ ಮುಂದಕ್ಕೆ ಹೋಗುತ್ತದೆ. ಮೂರನೆಯ ಸಲ ತಡವಾಗುವುದಾದರೆ ಅದಕ್ಕೆ ಕಾರಣನಾದವನು ತನ್ನ ಮುಂದೆ ನಿಂತು ಉತ್ತರ ಕೊಡಬೇಕಾಗುತ್ತದೆ ಎಂದು ಮುಖ್ಯಸ್ಥ ಹೇಳಿದ. ಅವನು ಕೆಟ್ಟವನಲ್ಲ. ಅವನ ಮೇಲೂ ಮೇಲಿನವರಿದ್ದರು. ಹೇಳಿದ ಮೇಲೆ ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದು ಒಬ್ಬೊಬ್ಬರನ್ನೇ ಕೇಳುತ್ತ ಬಂದ. ದೊಡ್ಡ ದೊಡ್ಡ ವಿದ್ವಾಂಸರು ಇಲ್ಲ ಎಂದರು. ಪಾಲಕನ ಕುರ್ಚಿ ಬಾಗಿಲ ಬಳಿ, ಕೊನೆಯದು. ಅವನ ಸರದಿ ಬಂತು. ಇಷ್ಟು ಜನ ಓದಿದವರು ಕಾಣದ್ದನ್ನು ತಾನು ಕಂಡೆನೆಂದರೆ ನಗುತ್ತಾರೆ ಎನಿಸಿತು. ಒಂದೇ ಸಲ ಆದದ್ದು, ಮತ್ತೆ ಆಗಲಿಕ್ಕಿಲ್ಲ ಎಂದೂ ಎನಿಸಿತು. ಅವನೂ ಇಲ್ಲ ಎಂದ.

ಮೂರನೆಯ ದಿನ ಬೆಳಿಗ್ಗೆ ನೌಕೆ ಹೊರಟಿತು. ಭೂಮಿಯನ್ನು ಮೂರು ಸುತ್ತು ಹಾಕಿ ಕಡಲಲ್ಲಿ ಬೀಳಬೇಕಿತ್ತು. ಮೇಲೆ ನಡೆದದ್ದೆಲ್ಲ ಕೆಳಗಿನ ಕೋಣೆಯಲ್ಲಿ ಕಾಗದದ ಮೇಲೆ ಗೆರೆಗಳಾಗಿ ಮೂಡುತ್ತಿತ್ತು. ಯಾವ ಚಿತ್ರ ಬೇರೆಯಾಗಿತ್ತು ಎಂಬುದಕ್ಕೆ ಒಂದು ಗೆರೆ, ಯಾವ ಗುಂಡಿ ಒತ್ತಿತು ಎಂಬುದಕ್ಕೆ ಒಂದು, ಏಟು ಬಿತ್ತೇ ಎಂಬುದಕ್ಕೆ ಒಂದು. ಮೊದಲ ಸುತ್ತಿನಲ್ಲಿ ಮೂರನೆಯ ಗೆರೆ ನೆಟ್ಟಗೆ ಹೋಯಿತು. ಎಲ್ಲರೂ ಒಬ್ಬರ ಬೆನ್ನು ಒಬ್ಬರು ತಟ್ಟಿದರು.

ಎರಡನೆಯ ಸುತ್ತು ಶುರುವಾಗಿ ಸ್ವಲ್ಪ ಹೊತ್ತಿಗೆ ನಡುವಿನ ಚಿತ್ರ ಬೇರೆಯಾಗಿ ಬೆಳಗಿತು. ಮರಿ ನಡುವಿನ ಗುಂಡಿ ಒತ್ತಿತು. ಮೂರನೆಯ ಗೆರೆ ಮೇಲೆ ಜಿಗಿಯಿತು.

ಮತ್ತೆ ಬೆಳಗಿತು, ಮತ್ತೆ ಒತ್ತಿತು, ಮತ್ತೆ ಗೆರೆ ಜಿಗಿಯಿತು. ತಂತಿಯವನು ಎದ್ದು ಬಂದು ನೋಡಿ ಒಳಗೆಲ್ಲೋ ಎರಡು ತಂತಿ ತಾಕುತ್ತಿವೆ ಎಂದ. ಕೆಳಗಿನಿಂದ ಅದನ್ನು ನಿಲ್ಲಿಸಲು ಆಗುವುದಿಲ್ಲ ಎಂದೂ ಹೇಳಿದ. ನಡುವಿನ ಚಿತ್ರ ಬೇರೆಯಾದರೆ ಈಗ ಸರಿ ಒತ್ತಿದರೂ ಏಟು, ತಪ್ಪು ಒತ್ತಿದರೂ ಏಟು. ಪ್ರಾಣಿ ಇನ್ನು ಆಟವನ್ನು ಬಿಟ್ಟುಬಿಡುತ್ತದೆ, ಇಲ್ಲವೇ ಸಿಕ್ಕಿದ್ದನ್ನು ಒತ್ತುತ್ತದೆ ಎಂದು ವಿದ್ವಾಂಸರು ಕಾದರು.

ಅದು ಬಿಡಲಿಲ್ಲ. ದೀಪ ಬೆಳಗಿದಾಗಲೆಲ್ಲ ಸರಿಯಾದ ಗುಂಡಿಯನ್ನೇ ಒತ್ತಿತು. ಮೊದಮೊದಲು ಒತ್ತುವ ಮುಂಚೆ ಸ್ವಲ್ಪ ತಡೆಯುತ್ತಿತ್ತು. ತಾನೇ ಎಲ್ಲೋ ತಪ್ಪಿದೆನೆಂದು ಚಿತ್ರಗಳನ್ನು ಇನ್ನೊಮ್ಮೆ ನೋಡುತ್ತಿದೆ ಎಂದು ಪಾಲಕನಿಗೆ ಅನಿಸಿತು. ಆಮೇಲೆ ಆ ತಡೆಯೂ ಹೋಯಿತು. ಬೇಗ ಒತ್ತಿದರೆ ಬೇಗ ಮುಗಿಯುತ್ತದೆ ಎಂಬ ಹಾಗೆ ಒತ್ತಿತು. ಕಾಗದದ ಸುತ್ತ ಜನ ಸೇರಿದರು. ಅವರ ಮುಖಗಳಲ್ಲಿದ್ದ ಬೇಸರ ಮೆಲ್ಲಗೆ ಬೆರಗಾಯಿತು. ಇಂಥದ್ದನ್ನು ಯಾರೂ ಪ್ರಯೋಗವಾಗಿ ಯೋಚಿಸಿರಲಿಲ್ಲ. ತಾನಾಗಿ ಸಿಕ್ಕಿತ್ತು.

ಎರಡನೆಯ ಸುತ್ತಿನ ಕೊನೆಗೆ ನೌಕೆಯನ್ನು ಇಳಿಸಬಹುದಿತ್ತು. ಇಳಿಸೋಣವೇ ಎಂದು ಕೆಲವರು, ಯೋಜನೆಯಂತೆ ಮೂರೂ ಆಗಲಿ ಎಂದು ಕೆಲವರು. ಮುಖ್ಯಸ್ಥ ಕೋಣೆಯ ಮೂಲೆಯಲ್ಲಿ ನಿಂತಿದ್ದ ಪಾಲಕನನ್ನು ಹತ್ತಿರ ಕರೆದ.

"ಅದರ ಸ್ವಭಾವ ನಮಗಿಂತ ನಿನಗೆ ಚೆನ್ನಾಗಿ ಗೊತ್ತು. ಇನ್ನೊಂದು ಸುತ್ತು ತಡೆದುಕೊಳ್ಳುತ್ತದೆಯೇ?"

ಪಾಲಕ ಕಾಗದವನ್ನು ನೋಡಿದ. ಗೆರೆ ಆಗಲೂ ಜಿಗಿಯುತ್ತಿತ್ತು.

"ತಡೆದುಕೊಳ್ಳುತ್ತದೆ," ಎಂದ.

ಅದು ನಿಜವಾಗಿತ್ತು. ಅವನು ಸುಳ್ಳು ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟ, ಅಷ್ಟೇ. ಆದರೆ ಇಳಿಸಿ ಎಂದು ಹೇಳಬೇಕೆಂದು ಅವನಿಗೆ ಅನಿಸಿತ್ತು. ಇಳಿಸಿ ಎಂದರೆ ಏಕೆ ಎಂದು ಕೇಳುತ್ತಾರೆ. ಏಕೆ ಎಂದು ಹೇಳಹೊರಟರೆ ಮೂರು ದಿನದ ಹಿಂದಿನ ಮಧ್ಯಾಹ್ನದಿಂದ ಶುರುಮಾಡಬೇಕಾಗುತ್ತದೆ. ನೌಕೆ ಮೂರನೆಯ ಸುತ್ತಿಗೆ ಹೋಯಿತು. ಇನ್ನೂ ಒಂದೂವರೆ ಗಂಟೆ. ಆ ಒಂದೂವರೆ ಗಂಟೆಯಲ್ಲಿ ಅವನು ಕಾಗದದಿಂದ ಕಣ್ಣು ತೆಗೆಯಲಿಲ್ಲ. ಮರಿ ಒಂದು ಸಲವೂ ತಪ್ಪಲಿಲ್ಲ.

ನೌಕೆ ಹೇಳಿದ ಜಾಗದಲ್ಲಿ, ಹೇಳಿದ ಹೊತ್ತಿಗೆ ಕಡಲಿಗೆ ಬಿತ್ತು. ಹಡಗು ಅದನ್ನು ಎತ್ತಿ ಬಂದರಿಗೆ ತಂದಿತು. ಪಾಲಕನನ್ನೂ ಅಲ್ಲಿಗೆ ಕಳಿಸಿದ್ದರು. ಬಾಗಿಲು ತೆರೆದಾಗ ಮರಿ ಎದೆಗೆ ಅಂಟಿಸಿದ್ದ ತಂತಿಗಳನ್ನೆಲ್ಲ ಕಿತ್ತು ಮಡಿಲಲ್ಲಿ ಇಟ್ಟುಕೊಂಡು ಕೂತಿತ್ತು. ಜೀವಕ್ಕೆ ಏನೂ ಆಗಿರಲಿಲ್ಲ. ಪತ್ರಿಕೆಯವರು ಫೋಟೊ ತೆಗೆದರು. ಅಧಿಕಾರಿಗಳು ಕೈ ಚಾಚಿದಾಗ ಮರಿ ಕಲಿಸಿದ ಹಾಗೆ ಎಲ್ಲರ ಕೈ ಕುಲುಕಿತು.

ಜನ ಸರಿದ ಮೇಲೆ ಪಾಲಕ ಹತ್ತಿರ ಹೋದ. ಅದು ಕಚ್ಚಬಹುದು ಎಂದುಕೊಂಡಿದ್ದ. ಕಚ್ಚಲಿ ಎಂದೂ ಅಂದುಕೊಂಡಿದ್ದ. ಮುಖ ತಿರುಗಿಸಬಹುದು, ಮೊದಲ ವಾರದ ಹಾಗೆ ಗೋಡೆ ನೋಡುತ್ತ ಕೂರಬಹುದು ಎಂದುಕೊಂಡಿದ್ದ. ಮರಿ ಕುಂಟುತ್ತ ಬಂದು ಅವನ ಪಕ್ಕ ಕೂತಿತು. ಎಡಗಾಲನ್ನು ಎತ್ತಿ ಅವನ ತೊಡೆಯ ಮೇಲೆ ಇಟ್ಟಿತು. ಅಂಗಾಲಿನಲ್ಲಿ ಕಾಸಿನಗಲ ಚರ್ಮ ಸುಟ್ಟಿತ್ತು. ಯಾವ ಗಾಯವಾದರೂ ತರುತ್ತಿದ್ದ ಹಾಗೆ ಇದನ್ನೂ ಅವನ ಬಳಿ ತಂದಿತ್ತು.

ಪಾಲಕ ಔಷಧಿ ಹಚ್ಚಿದ. ಅರ್ಧಕ್ಕೆ ಅವನ ಕೈ ನಿಂತಿತು. ಮರಿ ಆ ಕೈಯನ್ನು ಹಿಡಿದು, ಅಲ್ಲಿ ಏನು ಚುಚ್ಚಿಕೊಂಡಿದೆ ಎಂದು ಹುಡುಕಿತು.

ಎರಡು ದಿನ ಅವನಿಗೆ ಊಟ ಸೇರಲಿಲ್ಲ. ಮೂರನೆಯ ದಿನ ಮುಖ್ಯಸ್ಥನ ಕೋಣೆಗೆ ಹೋಗಿ, ತಾನು ಮೊದಲೇ ಕಂಡಿದ್ದೆ, ಕಂಡೂ ಹೇಳಲಿಲ್ಲ ಎಂದು ಎಲ್ಲವನ್ನೂ ಒಪ್ಪಿಕೊಂಡ. ತನ್ನನ್ನು ಕೆಲಸದಿಂದ ತೆಗೆಯಬೇಕೆಂದು ಕೇಳಿದ. ಮುಖ್ಯಸ್ಥ ಪೂರ್ತಿ ಕೇಳಿಸಿಕೊಂಡ. ಕೋಪಗೊಳ್ಳಲಿಲ್ಲ.

"ನೀನು ಹೇಳಿದ್ದರೆ ಎರಡು ದಿನ ತಡವಾಗುತ್ತಿತ್ತು," ಎಂದ. "ಹೇಳದಿದ್ದದ್ದರಿಂದ ನಮಗೆ ಗೊತ್ತಿಲ್ಲದ ಒಂದು ವಿಷಯ ಗೊತ್ತಾಯಿತು. ಹೋಗು, ಕೆಲಸ ನೋಡು."

ಬೈದಿದ್ದರೆ ಅವನು ಸ್ವಲ್ಪವಾದರೂ ಹಗುರಾಗುತ್ತಿದ್ದ. ಪಾಲಕ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ. ಪತ್ರಿಕೆಗಳಲ್ಲಿ ಮರಿಯ ಫೋಟೊ ಬಂದಿತ್ತು. ಎಷ್ಟು ನೋವಾದರೂ ಕರ್ತವ್ಯ ಬಿಡದ ಧೀರ ಪ್ರಾಣಿ ಎಂದು ಬರೆದಿದ್ದರು. ಶಾಲೆಗಳಲ್ಲಿ ಮಕ್ಕಳಿಗೆ ಅದನ್ನು ಓದಿ ಹೇಳಿದರಂತೆ. ತಂತಿ ಏಕೆ ತಾಕಿತು ಎಂದು ಯಾವ ಪತ್ರಿಕೆಯೂ ಕೇಳಿರಲಿಲ್ಲ.

ತಿಂಗಳ ನಂತರ ಗಾಯ ಮಾಗಿತು. ಮೇಲೆ ಹೋಗಿ ಬಂದ ಬುದ್ಧಿಯನ್ನು ಹಳೆಯದರೊಂದಿಗೆ ಹೋಲಿಸಿ ನೋಡಬೇಕು, ಮತ್ತೆ ಹಲಗೆಯ ಮುಂದೆ ಕೂರಿಸು ಎಂದು ಆಜ್ಞೆ ಬಂತು. ಪಾಲಕ ಆ ಬೆಳಿಗ್ಗೆ ಯಾರನ್ನೂ ಕೇಳದೆ ತಗಡಿಗೆ ಹೋಗುವ ತಂತಿಯನ್ನು ಕತ್ತರಿಯಿಂದ ಕತ್ತರಿಸಿಹಾಕಿದ. ಕತ್ತರಿಸಿದ ತುಂಡನ್ನು ಮರಿಗೆ ತೋರಿಸಿದ. ಅದು ತುಂಡನ್ನು ಮೂಸಿ ಹಿಂದಕ್ಕೆ ಕೊಟ್ಟಿತು.

ದೀಪ ಬೆಳಗಿತು. ಮರಿ ಹಲಗೆಯನ್ನು ನೋಡಿತು. ಎಡಗೈಯಿಂದ ತನ್ನ ಎಡಗಾಲನ್ನು ಬಿಗಿಯಾಗಿ ಹಿಡಿದುಕೊಂಡಿತು. ಕಣ್ಣು ಮುಚ್ಚಿತು. ಬಲಗೈಯಿಂದ ಸರಿಯಾದ ಗುಂಡಿಯನ್ನು ಒತ್ತಿತು. ನೋವು ಬರಲಿಲ್ಲ. ಅದು ಕಾಲನ್ನು ಬಿಡಲಿಲ್ಲ.

ಅವನು ಹಿಂದಿನಂತೆ ಹತ್ತಿರ ಕೂತು, ಇಲ್ಲಿ ಒತ್ತಿದರೆ ನೋವಿಲ್ಲ ಎಂದ. ಅದು ಅವನ ದನಿ ಬಂದ ಕಡೆಗೆ ತಲೆ ತಿರುಗಿಸಲಿಲ್ಲ. ಇಪ್ಪತ್ತು ಸಲ ದೀಪ ಬೆಳಗಿತು, ಇಪ್ಪತ್ತು ಸಲವೂ ಕಾಲನ್ನು ಹಿಡಿದುಕೊಂಡೇ ಒತ್ತಿತು. ಪಾಠ ಮುಗಿದ ಮೇಲೆ ಎಂದಿನಂತೆ ಅವನ ಮಣಿಕಟ್ಟಿನ ಕೂದಲು ಬಿಡಿಸಿ ನೋಡಿತು. ಪ್ರೀತಿ ಇತ್ತು. ಹೇಳಿದ್ದನ್ನು ನಂಬುವುದು ಮಾತ್ರ ಹೋಗಿತ್ತು.

ಮರಿ ಮುಂದಿನ ವರ್ಷ ಹೊಟ್ಟೆಯ ಕಾಯಿಲೆಯಿಂದ ಸತ್ತಿತು. ಪ್ರಯಾಣಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ವೈದ್ಯರು ಬರೆದರು. ಇರಲಿಕ್ಕಿಲ್ಲ. ಕೊನೆಯ ಹತ್ತು ದಿನ ಪಾಲಕ ಅದರ ಪಕ್ಕದಲ್ಲೇ ಇದ್ದ. ತಾನು ಮಾಡಿದ್ದನ್ನು ಅದಕ್ಕೆ ಹೇಳಬೇಕೆಂದು ಬಹಳ ಪ್ರಯತ್ನಪಟ್ಟ. ಆದರೆ ತಂತಿ, ಸಭೆ, ಬಾಗಿಲ ಬಳಿಯ ಕುರ್ಚಿ ಇವನ್ನೆಲ್ಲ ಒಂದು ಪ್ರಾಣಿಗೆ ಯಾವ ಭಾಷೆಯಲ್ಲಿ ಹೇಳುವುದು? ಕ್ಷಮಿಸಲು, ತಪ್ಪು ಯಾರದೆಂದೇ ಅದಕ್ಕೆ ಗೊತ್ತಿರಲಿಲ್ಲ. ತಪ್ಪು ತನ್ನದೆಂದೇ ಅದು ತಿಳಿದುಕೊಂಡು ಸತ್ತಿರಬೇಕು. ಅವನಿಗೆ ತಡೆಯಲಾಗದ್ದು ಇದೊಂದೇ.

ಆಮೇಲೆ ಅವನು ಆ ಕೆಲಸ ಬಿಟ್ಟ. ಒಂದು ಹಾಲಿನ ಡೇರಿ ಸೇರಿದ. ಅಲ್ಲಿ ಕ್ಯಾನು ಸ್ವಲ್ಪ ವಾಸನೆ ಹೊಡೆದರೂ ಎಲ್ಲರನ್ನೂ ನಿಲ್ಲಿಸಿ ತೋರಿಸುತ್ತಿದ್ದ. ಇವನಿಂದ ಕೆಲಸ ಸಾಗುವುದಿಲ್ಲವೆಂದು ಅವರು ಕಳಿಸಿದರು. ಇನ್ನೊಂದು ಕಾರ್ಖಾನೆಗೆ ಹೋದ. ಅಲ್ಲಿಯೂ ಸಭೆಯಲ್ಲಿ ಯಾರಿಗಾದರೂ ಹೇಳುವುದಿದೆಯೇ ಎಂದು ಕೇಳಿದಾಗಲೆಲ್ಲ ಎದ್ದು ನಿಲ್ಲುತ್ತಿದ್ದ. ಹೇಳುವುದು ಏನೂ ಇಲ್ಲದಿದ್ದಾಗಲೂ ಎದ್ದು, ಸ್ವಲ್ಪ ಹೊತ್ತು ನಿಂತು, ಕೂರುತ್ತಿದ್ದ. ಜನ ನಗುತ್ತಿದ್ದರು. ಅದರಿಂದ ಯಾರಿಗೋ ಒಳ್ಳೆಯದಾಗಿರಬಹುದು. ಅವನಿಗೆ ಮಾತ್ರ ಏನೂ ಹಗುರವಾಗಲಿಲ್ಲ. ಹಾಗೆಯೇ ಮುದುಕನಾದ. ಹಾಗೆಯೇ ಹೋದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕಣ್ಣು ತುಂಬಿತ್ತು.

"ಎಂಥ ಜೀವ ಅದು," ಎಂದ ಅವನು. "ನೋವು ಬರುತ್ತದೆ ಎಂದು ಗೊತ್ತಿದ್ದೂ ಸರಿಯಾದದ್ದನ್ನು ಬಿಡಲಿಲ್ಲ. ಈಗ ತಿಳಿಯಿತು ಗುರುಗಳೇ. ಏಟು ಎಲ್ಲಿಂದ ಬಂತೆಂದು ಕೇಳಬಾರದು. ನಾನೂ ಆ ಮರಿಯ ಹಾಗೆ ಇರಬೇಕು."

ಗುರುಗಳು ಅವನ ಹತ್ತಿರಕ್ಕೆ ಸರಿದು ಕೂತರು. ಆಮೇಲೆ ಮೆಲ್ಲಗೆ ಕೇಳಿದರು:

"ನೀನು ಏನನ್ನು ಕಂಡು ಸುಮ್ಮನಿದ್ದೆ?"